ಎಲ್ಲಾ ತೋರಿಸಿದಿ, ನಮ್ಮೂರು ಎಲ್ಲೈತಿ?

ಡಿಸೆಂಬರ್ ಬಂತೆಂದರೆ ನನಗೆ ಫೋನುಗಳು ಶುರುವಾಗುತ್ತವೆ. ‘ಎರಡು ದಿನ ರಜೆ ಇದೆ, ಹಂಪಿ ಕಡೆ ಬರ್ತಿದ್ದೀವಿ, ಏನೇನು ನೋಡ್ಬೇಕು ಹೇಳು.’ ಕೇಳುವವರು ಹಳೆಯ ಸಹಪಾಠಿಗಳು, ಅವರ ಆಫೀಸಿನವರು, ಎಂದೋ ಒಮ್ಮೆ ವಿಚಾರ ಸಂಕಿರಣದಲ್ಲಿ ಪಕ್ಕ ಕೂತವರು. ಹೊಸಪೇಟೆಯವಳು, ಅದರ ಮೇಲೆ ಚರಿತ್ರೆಯಲ್ಲಿ ಪಿಎಚ್.ಡಿ. ಮಾಡುತ್ತಿರುವವಳು ಎಂದ ಮೇಲೆ ಈ ಕೆಲಸ ನನ್ನ ಪಾಲಿನದೇ. ಅದಕ್ಕಾಗಿ ಮೊಬೈಲಿನಲ್ಲಿ ಒಂದು ಪಟ್ಟಿ ಬರೆದಿಟ್ಟುಕೊಂಡಿದ್ದೆ. ವಿರೂಪಾಕ್ಷನ ಗುಡಿ, ಕಲ್ಲಿನ ರಥ, ಕಮಲ ಮಹಲು, ಆನೆಲಾಯ, ಮತಂಗ ಬೆಟ್ಟದ ಸೂರ್ಯೋದಯ, ಸಂಜೆ ಡ್ಯಾಮಿನ ಕಾರಂಜಿ. ಕೇಳಿದವರಿಗೆಲ್ಲ ಅದನ್ನೇ ಕಳಿಸುತ್ತಿದ್ದೆ.

ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಬಂದವರು ಹೊರಗಿನವರಲ್ಲ. ಅಣ್ಣ, ಅತ್ತಿಗೆ ಮತ್ತು ಹನ್ನೊಂದು ವರ್ಷದ ಅವರ ಮಗಳು. ಕಾರು ತಂದಿದ್ದರು. ‘ಹಂಪಿ ಹತ್ತು ಸಲ ನೋಡಿದೀವಿ, ಈ ಸಲ ಸುತ್ತಮುತ್ತ ಎಲ್ಲಾ ಸೇರಿಸಿ ಒಂದು ರೌಂಡ್ ಹಾಕೋಣ’ ಅಂದ ಅಣ್ಣ. ನಾನು ರಾತ್ರಿ ಕೂತು ಹೊಸ ಪಟ್ಟಿ ಮಾಡಿದೆ: ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ. ಅದನ್ನು ಗಟ್ಟಿಯಾಗಿ ಓದುತ್ತಿದ್ದಾಗ ಮೂಲೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ದೊಡ್ಡವ್ವ ಕೇಳಿದಳು: ‘ಎಲ್ಲಾ ಊರು ತೋರಿಸ್ತೀನಿ ಅಂತೀದಿ. ಇದ್ರಾಗ ನಮ್ಮೂರು ಎಲ್ಲೈತಿ?’

ನಮ್ಮವ್ವನ ಅಕ್ಕನಿಗೆ ಈಗ ಎಂಬತ್ತು. ಅವರ ಊರು ತುಂಗಭದ್ರಾ ಜಲಾಶಯದಲ್ಲಿ ಮುಳುಗಿದ ಸುಮಾರು 90 ಹಳ್ಳಿಗಳಲ್ಲಿ ಒಂದು. ನಾನು ಪ್ರಬಂಧ ಬರೆಯುತ್ತಿರುವುದು ಇದೇ ಹೊಳೆಯ ದಂಡೆಯ ಕೆರೆ, ಕಾಲುವೆಗಳ ಚರಿತ್ರೆಯ ಮೇಲೆ. ಆದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ‘ಬಾ ದೊಡ್ಡವ್ವ, ನೀನೂ ಬಾ, ಕೊನಿಗೆ ಅಲ್ಲೂ ಹೋಗೋಣು’ ಅಂದೆ. ಅವಳು ಬರುತ್ತಾಳೆಂದು ಯಾರಿಗೂ ನಂಬಿಕೆ ಇರಲಿಲ್ಲ. ಬೆಳಿಗ್ಗೆ ಆರಕ್ಕೆ ಎಲ್ಲರಿಗಿಂತ ಮೊದಲು ಸೀರೆ ಉಟ್ಟು ಬಾಗಿಲಲ್ಲಿ ಕೂತಿದ್ದಳು.

*

ಮೊದಲ ದಿನ ಮಂಡಕ್ಕಿ ವಗ್ಗರಣಿ, ಮಿರ್ಚಿ ತಿಂದು ನಾವು ಹಂಪಿಯ ಕಡೆ ಹೋಗಲಿಲ್ಲ. ಊರಿನ ದಕ್ಷಿಣಕ್ಕೆ, ಎರಡು ಗುಡ್ಡಗಳ ನಡುವೆ ಹೆದ್ದಾರಿ ಏರುವಲ್ಲಿಗೆ ಹೋದೆವು. ಲಾರಿಗಳು ಓಡಾಡುವ ಆ ಎತ್ತರದ ರಸ್ತೆ ನಿಜಕ್ಕೂ ರಸ್ತೆಯಲ್ಲ, ಕೆರೆಯ ಏರಿ. ಹೆಸರು ರಾಯಕೆರೆ. ಕಟ್ಟಿಸಿದವನು ಕೃಷ್ಣದೇವರಾಯ. ಕೆರೆಯಲ್ಲಿ ಈಗ ಹಳೆಯ ನೀರಿಲ್ಲ. ಏರಿ ಮಾತ್ರ ಐನೂರು ವರ್ಷಗಳ ನಂತರವೂ ಹೊರೆ ಹೊರುತ್ತಿದೆ.

ಹೊಸಪೇಟೆ ಹುಟ್ಟಿದ್ದು ಅದೇ ಕಾಲದಲ್ಲಿ. ರಾಯ ತನ್ನ ರಾಣಿ ನಾಗಲಾದೇವಿಯ ಹೆಸರಿನಲ್ಲಿ ಕಟ್ಟಿಸಿದ ಊರು ನಾಗಲಾಪುರ. ಜನರ ಬಾಯಲ್ಲಿ ಅದು ಹೊಸ ಪೇಟೆಯಾಯಿತು, ಹೊಸದಾಗಿಯೇ ಉಳಿಯಿತು. ಹೊಸ ಊರಿಗೆ, ಅದರ ಸುತ್ತಲಿನ ಗದ್ದೆ ತೋಟಗಳಿಗೆ ನೀರು ಬೇಕಿತ್ತು. ಆಗ ಇಲ್ಲಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಕೆರೆಯ ಕೆಲಸವನ್ನು ಕಣ್ಣಾರೆ ನೋಡಿದ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಮುತ್ತಿಕೊಂಡಿದ್ದರು, ಕಾಲಿಡುವ ನೆಲ ಕಾಣುತ್ತಿರಲಿಲ್ಲ ಎಂದು ಬರೆದ. ರಾಜ ಕೆಲಸವನ್ನು ತುಂಡು ತುಂಡಾಗಿ ತನ್ನ ನಾಯಕರಿಗೆ ಹಂಚಿಕೊಟ್ಟಿದ್ದನಂತೆ. ಹದಿನೈದು ವರ್ಷ ತಡವಾಗಿ ಬಂದ ನೂನಿಜ್, ಈ ಕೆರೆಗೆ ಜೋವಾವ್ ಡೆಲ್ಲಾ ಪೋಂಟೆ ಎಂಬ ಪೋರ್ಚುಗೀಸ್ ಕಲ್ಲುಕೆಲಸದವನ ನೆರವನ್ನು ರಾಜ ಪಡೆದ ಎನ್ನುತ್ತಾನೆ. ಹಗಲು ಕಟ್ಟಿದ್ದು ರಾತ್ರಿ ಕುಸಿಯುತ್ತಿತ್ತು ಎಂಬ ಮಾತೂ ಅವನಲ್ಲಿದೆ.

ಇಬ್ಬರೂ ಹೇಳುವ ಇನ್ನೊಂದು ವಿಷಯವಿದೆ. ಏರಿ ನಿಲ್ಲದಿದ್ದಾಗ ಬಲಿ ಕೊಡಬೇಕೆಂದು ಬಲ್ಲವರು ಹೇಳಿದರು. ಪಾಯೆಸ್ ಕೇಳಿದಂತೆ ಅರವತ್ತು ಮನುಷ್ಯರು, ಜೊತೆಗೆ ಕುದುರೆ, ಕೋಣಗಳು. ನೂನಿಜ್ ಪ್ರಕಾರ ಮರಣದಂಡನೆಗೆ ಕಾದಿದ್ದ ಕೈದಿಗಳು. ಇಬ್ಬರೂ ಬಲಿಯನ್ನು ಕಣ್ಣಲ್ಲಿ ಕಂಡವರಲ್ಲ. ಕೆಲಸವನ್ನು ಕಂಡಿದ್ದಕ್ಕೂ ಬಲಿಯ ಸುದ್ದಿಯನ್ನು ಕೇಳಿದ್ದಕ್ಕೂ ಸಂಶೋಧಕರು ಒಂದೇ ತೂಕ ಕೊಡಬಾರದು. ಆದರೆ ಆ ಸುದ್ದಿಯನ್ನು ಸುಳ್ಳೆಂದು ಬದಿಗಿಡುವುದೂ ಸುಲಭವಲ್ಲ. ‘ಕೆರೆಗೆ ಹಾರ’ದ ಭಾಗೀರಥಿಯನ್ನು ಕೇಳಿ ಬೆಳೆದ ನಾಡು ನಮ್ಮದು. ನೀರು ನಿಲ್ಲಬೇಕಾದರೆ ಯಾರಾದರೂ ಹೋಗಬೇಕು ಎಂಬ ನಂಬಿಕೆ ಆ ಕಾಲದ ಪೇಟೆಯಲ್ಲಿ ಓಡಾಡುತ್ತಿತ್ತು. ಅಷ್ಟನ್ನಂತೂ ಪಾಯೆಸ್ ಸರಿಯಾಗಿ ಕೇಳಿಸಿಕೊಂಡಿದ್ದಾನೆ.

ನೂನಿಜ್‌ನಲ್ಲಿ ಇನ್ನೂ ಒಂದು ವಿವರವಿದೆ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಕೆರೆಯ ಕೆಳಗಿನ ಭೂಮಿಯನ್ನು ರಾಜ ಒಂಬತ್ತು ವರ್ಷ ಕಂದಾಯವಿಲ್ಲದೆ ಜನರಿಗೆ ಬಿಟ್ಟುಕೊಟ್ಟ. ಅವರು ನೆಲ ಹಸನು ಮಾಡಿ, ಬದು ಕಟ್ಟಿ, ಕಾಲೂರಲಿ ಎಂದು. ಆಮೇಲೆ ಅಲ್ಲಿಂದ ಬಂದ ಆದಾಯ 20,000 ಪಗೋಡಗಳು. ನನ್ನ ಪ್ರಬಂಧಕ್ಕೆ ಅರವತ್ತು ತಲೆಗಳಿಗಿಂತ ಈ ಒಂಬತ್ತು ವರ್ಷಗಳೇ ಹೆಚ್ಚು ಮುಖ್ಯ. ದೊಡ್ಡವ್ವನಿಗೆ ಹೇಳಿದೆ. ಅವಳು ಏರಿಯ ಮೇಲೆ ಹೋಗುವ ಲಾರಿಗಳನ್ನೇ ನೋಡುತ್ತ, ‘ಒಂಬತ್ತು ವರ್ಷ ಚಲೋ ಬಿಡು’ ಅಂದಳು.

*

ಹೊಸಪೇಟೆಯಿಂದ ಹಂಪಿಗೆ ಹದಿಮೂರು ಕಿಲೋಮೀಟರು. ಹೊಸ ಪೇಟೆಯಿಂದ ರಾಜಧಾನಿಗೆ ಹೋಗುವ ದಾರಿಯ ಎರಡೂ ಬದಿಗೆ ಮನೆ, ಅಂಗಡಿಗಳಿದ್ದವು, ನಡೆಯುವವರಿಗೆ ನೆರಳಾಗಲೆಂದು ರಾಜ ಮರ ನೆಡಿಸಿದ್ದ ಎಂದು ಪಾಯೆಸ್ ಬರೆದಿದ್ದಾನೆ. ಆ ದಾರಿಯಲ್ಲಿ ಊರು ಮುಗಿಯುತ್ತಿದ್ದಂತೆಯೇ ಸಿಗುವುದು ಅನಂತಶಯನಗುಡಿ. ಕೃಷ್ಣದೇವರಾಯ ತನ್ನ ಮಗ ತಿರುಮಲನ ಹೆಸರಿನಲ್ಲಿ ಊರು ಮಾಡಿ, 1524ರಲ್ಲಿ ಈ ಗುಡಿ ಕಟ್ಟಿಸಿದ. ಉದ್ದಕ್ಕೆ ಮಲಗುವ ದೇವರಿಗಾಗಿ ಉದ್ದನೆಯ ಗರ್ಭಗುಡಿ, ಅದರ ಮೇಲೆ ಬಂಡಿಯ ಕಮಾನಿನಂಥ ಶಿಖರ. ಒಳಗೆ ಪೀಠವಿದೆ, ದೇವರಿಲ್ಲ. ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಲ್ಲಿರುವ ಅನಂತಶಯನನೇ ಇಲ್ಲಿಗೆ ಬರಬೇಕಿದ್ದವನು, ದಾರಿಯಲ್ಲಿ ಅಲ್ಲೇ ಉಳಿದುಬಿಟ್ಟ ಎಂದು ಜನ ಹೇಳುತ್ತಾರೆ. ಅಣ್ಣನ ಮಗಳು ಖಾಲಿ ಪೀಠದ ಮುಂದೆ ನಿಂತು, ‘ದೇವರು ಇಲ್ಲದಿದ್ರೂ ಟೆಂಪಲ್ ಅಂತ ಕರೀಬಹುದಾ ಅತ್ತೆ?’ ಅಂದಳು. ಅದು ನನ್ನ ಪಟ್ಟಿಯಲ್ಲಿ ಇಲ್ಲದ ಜಾಗ. ಬೇರೆಯವರು ಕಾರಿನ ಕಿಟಕಿಯಿಂದ ನೋಡಿ ಮುಂದೆ ಹೋಗುವಂಥದ್ದು. ನಾವು ಅಲ್ಲಿ ಒಂದು ಗಂಟೆ ಕೂತೆವು.

ಹಂಪಿಯನ್ನು ನಾನು ಎಲ್ಲರಿಗೂ ತೋರಿಸುವ ಕ್ರಮ ಒಂದಿತ್ತು: 1336ರಲ್ಲಿ ಆರಂಭ, 1509ರಲ್ಲಿ ಕೃಷ್ಣದೇವರಾಯ, 1565ರ ಜನವರಿಯಲ್ಲಿ ರಕ್ಕಸಗಿ ತಂಗಡಗಿ, ಆಮೇಲೆ ಹಾಳು. ಕತೆಗೆ ಆದಿ ಅಂತ್ಯ ಎರಡೂ ಇರುವುದರಿಂದ ಕೇಳುವವರಿಗೆ ಹಿಡಿಸುತ್ತದೆ. ಈ ಸಲ ದೊಡ್ಡವ್ವನ ಜೊತೆ ನಿಧಾನಕ್ಕೆ ನಡೆಯಬೇಕಾಗಿ ಬಂದಾಗ ಕಣ್ಣಿಗೆ ಬಿದ್ದದ್ದು ಬೇರೆ. ಕೃಷ್ಣ ಗುಡಿಯ ಮುಂದಿನ ತಗ್ಗಿನಲ್ಲಿ ಬಾಳೆತೋಟ. ಅದಕ್ಕೆ ನೀರು ಬರುವುದು ವಿಜಯನಗರ ಕಾಲದ ತುರ್ತು ಕಾಲುವೆಯಿಂದ. 1565ರಲ್ಲಿ ಅರಮನೆ ಸುಟ್ಟಿತು, ಸಿಂಹಾಸನ ಹೋಯಿತು. ಕಾಲುವೆ ನಿಲ್ಲಲಿಲ್ಲ. ರಾಯ, ಬಸವಣ್ಣ, ತುರ್ತು, ಕಂಪ್ಲಿ, ರಾಮಸಾಗರ ಕಾಲುವೆಗಳ ನೀರಿನಲ್ಲಿ ಇಂದಿಗೂ ಬತ್ತ, ಬಾಳೆ, ಕಬ್ಬು ಬೆಳೆಯುತ್ತವೆ. ‘ಹಾಳು ಹಂಪಿ’ ಎಂದು ನಾವು ಬಾಯಿ ತುಂಬ ಹೇಳುವಾಗ ಈ ನೀರುಗಂಟಿಗಳ, ಒಕ್ಕಲಿಗರ ನಾನೂರೈವತ್ತು ವರ್ಷಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೃಷ್ಣ ಗುಡಿಯಲ್ಲೂ ದೇವರಿಲ್ಲ. ಉದಯಗಿರಿಯನ್ನು ಗೆದ್ದು ರಾಯ ತಂದು ಪ್ರತಿಷ್ಠಾಪಿಸಿದ ಬಾಲಕೃಷ್ಣ ಈಗ ಚೆನ್ನೈನ ಸರ್ಕಾರಿ ಸಂಗ್ರಹಾಲಯದಲ್ಲಿ ಇದ್ದಾನೆ.

ವಿರೂಪಾಕ್ಷ ಗುಡಿಯ ಒಳಗೆ, ಹಿಂದಿನ ಕತ್ತಲ ಕೋಣೆಯಲ್ಲಿ, ಸಣ್ಣ ಕಿಂಡಿಯಿಂದ ಬರುವ ಬೆಳಕಿನಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಗೋಡೆಯ ಮೇಲೆ ಬೀಳುತ್ತದೆ. ಅಣ್ಣನ ಮಗಳಿಗೆ ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ಹಿಡಿಸಿದ್ದು ಇದೇ. ಶಾಲೆಯಲ್ಲಿ ಪಿನ್‌ಹೋಲ್ ಕ್ಯಾಮೆರಾ ಪಾಠ ಆಗಿತ್ತಂತೆ.

ಗುಡಿಯಿಂದ ಹೊರಗೆ ಬಂದರೆ ರಥಬೀದಿ. ಎರಡೂ ಕಡೆ ಕಲ್ಲಿನ ಸಾಲು ಮಂಟಪ, ಬರಿದು. ನಾನು ಚಿಕ್ಕವಳಿದ್ದಾಗ ಇದು ಹೀಗಿರಲಿಲ್ಲ. ಮಂಟಪಗಳಲ್ಲಿ ಖಾನಾವಳಿ, ಬಟ್ಟೆ ಅಂಗಡಿ, ಪುಸ್ತಕದ ಅಂಗಡಿ, ಹಿಂದೆ ಮನೆಗಳು, ಒಲೆ, ತೊಟ್ಟಿಲು ಎಲ್ಲ ಇದ್ದವು. 2011ರ ಜುಲೈ 29ರ ಬೆಳಿಗ್ಗೆ ಜೆಸಿಬಿಗಳು ಬಂದವು. ದಶಕಗಳಿಂದ ಅಲ್ಲಿದ್ದವರ ಮನೆ, ಅಂಗಡಿಗಳನ್ನು ಕೆಡವಲಾಯಿತು. ಸ್ಮಾರಕಕ್ಕೆ ಧಕ್ಕೆ, ಒತ್ತುವರಿ, ನ್ಯಾಯಾಲಯದ ಆದೇಶ ಎಂಬ ಕಾರಣಗಳಿದ್ದವು. ಕಂಬಗಳ ನಡುವೆ ಇಟ್ಟಿಗೆ ಗೋಡೆ ಎದ್ದಿದ್ದೂ ಸುಳ್ಳಲ್ಲ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತ್ತು. ಆನೆಗೊಂದಿಯ ಸೇತುವೆಯ ಕೆಲಸದಿಂದಾಗಿ 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲೂ ಇತ್ತು. ಉಳಿಸಬೇಕೆಂಬ ಒತ್ತಡ ಸುಳ್ಳಲ್ಲ, ಕಲ್ಲೂ ಸುಳ್ಳಲ್ಲ. ಪ್ರಶ್ನೆ ಇರುವುದು ಏನನ್ನು ಉಳಿಸುತ್ತೇವೆ ಎಂಬುದರಲ್ಲಿ. ಪಾಯೆಸ್ ಹಂಪಿಯ ಬೀದಿಗಳಲ್ಲಿ ಕಂಡು ಬೆರಗಾದದ್ದು ಕಂಬಗಳಿಗಲ್ಲ, ವ್ಯಾಪಾರಕ್ಕೆ. ಮುತ್ತು ರತ್ನಗಳಿಂದ ಹಿಡಿದು ಕಾಳುಕಡಿಯವರೆಗೆ ಮಾರುವವರಿಗೆ. ಬಜಾರನ್ನು ಉಳಿಸಲು ಬಜಾರನ್ನೇ ತೆಗೆದರೆ ಉಳಿಯುವುದು ಯಾವುದು?

1799ರಲ್ಲಿ ಕಾಲಿನ್ ಮೆಕೆಂಜಿ ಇಲ್ಲಿ ಸರ್ವೆ ಮಾಡಿಸಿದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಫೋಟೋ ತೆಗೆದ. ಆ ಫೋಟೋಗಳಲ್ಲಿ ಜನರಿಲ್ಲ ಎನ್ನುವಷ್ಟು ಕಡಿಮೆ. ಬಹಳ ಹೊತ್ತು ತೆರೆದಿಡಬೇಕಾದ ಕ್ಯಾಮೆರಾದಲ್ಲಿ ಓಡಾಡುವವರು ಮೂಡುತ್ತಲೇ ಇರಲಿಲ್ಲ. ನಿಂತ ಕಲ್ಲು ಮಾತ್ರ ಉಳಿಯುತ್ತಿತ್ತು. ಖಾಲಿ ರಥಬೀದಿಯನ್ನು ನೋಡುವಾಗ ನನಗೆ ಅನಿಸಿದ್ದು, ನಾವು ಹಂಪಿಯನ್ನು ಆ ಫೋಟೋದ ಹಾಗೆ ಮಾಡಲು ಹೊರಟಿದ್ದೇವೆ ಎಂದು.

ಕಡ್ಡಿರಾಂಪುರದ ಹತ್ತಿರ ಅವರಿಗೆ ಹೊಸ ಜಾಗ ಗುರುತಾಯಿತು. ಹಿಂತಿರುಗುವಾಗ ಅದರ ಪಕ್ಕದಲ್ಲೇ ಬಂದೆವು. ದೊಡ್ಡವ್ವ ಕೇಳಿದಳು, ‘ಇವ್ರಿಗೂ ನೀರು ಬಂತೇನು?’ ಅವಳ ಭಾಷೆಯಲ್ಲಿ ಊರು ಬಿಡುವುದಕ್ಕೆ ಇರುವುದು ಒಂದೇ ಕಾರಣ.

*

ಎರಡನೆಯ ದಿನ ಸಂಡೂರು. ಮಳೆಗಾಲದಲ್ಲಿ ಬಂದರೆ ಇದು ಬಯಲುಸೀಮೆಯೆಂದು ನಂಬುವುದು ಕಷ್ಟ. ಎರಡು ಉದ್ದನೆಯ ಬೆಟ್ಟಸಾಲುಗಳ ನಡುವೆ ದೋಣಿಯ ಆಕಾರದ ಕಣಿವೆ, ಒಳಹೋಗಲು ಕೆಲವೇ ಗಂಡಿಗಳು. ಒಂದೆಡೆ ಬ್ರಿಟಿಷ್ ಸೈನಿಕರು ಹವೆ ಬದಲಿಸಲು ಬರುತ್ತಿದ್ದ ರಾಮನದುರ್ಗ, ಇನ್ನೊಂದೆಡೆ ನಾರಿಹಳ್ಳ ಬೆಟ್ಟವನ್ನು ಕೊರೆದು ಹರಿಯುವ ಕಂದರ. ಈ ಕಣಿವೆಯೇ ಒಂದು ಸಂಸ್ಥಾನವಾಗಿತ್ತು. ಸುಮಾರು 160 ಚದರ ಮೈಲಿ. 18ನೆಯ ಶತಮಾನದಲ್ಲಿ ಘೋರ್ಪಡೆ ಮನೆತನದ ಕೈಗೆ ಬಂದು, ಹೈದರ್, ಟಿಪ್ಪು, ಪೇಶ್ವೆ, ಮನ್ರೋ ಎಲ್ಲರ ಲೆಕ್ಕಾಚಾರಗಳ ನಡುವೆ ಕಳೆದು ಸಿಕ್ಕಿ, 1949ರಲ್ಲಿ ಮದ್ರಾಸ್ ಪ್ರಾಂತಕ್ಕೆ ಸೇರಿತು. 1953ರಲ್ಲಿ ಬಳ್ಳಾರಿಯೊಂದಿಗೆ ಮೈಸೂರಿಗೆ ಬಂತು.

ಊರಿನಿಂದ ಕಾಡಿನ ದಾರಿಯಲ್ಲಿ ಏರಿದರೆ ಕುಮಾರಸ್ವಾಮಿ ಬೆಟ್ಟ. ತಾರಕಾಸುರನನ್ನು ಕೊಂದ ಕುಮಾರ ಇಲ್ಲಿ ನಿಂತನೆಂದು ಸ್ಥಳಪುರಾಣ. ಈ ಬೆಟ್ಟಕ್ಕೆ ಲೋಹಾದ್ರಿ ಎಂಬ ಹೆಸರೂ ಉಂಟು. ಅದಿರು ಅಗೆಯುವ ಎಷ್ಟೋ ಮುಂಚೆಯೇ ಪುರಾಣಕ್ಕೆ ಅದು ಕಬ್ಬಿಣದ ಬೆಟ್ಟ ಎಂದು ಗೊತ್ತಿತ್ತು. ಕುಮಾರಸ್ವಾಮಿಯ ಗುಡಿಯೊಳಗೆ ಸಂಪ್ರದಾಯದಂತೆ ಹೆಂಗಸರು ಹೋಗುವುದಿಲ್ಲ. ಅಣ್ಣ ಒಳಗೆ ಹೋದ. ನಾವು ನಾಲ್ವರು ಪಕ್ಕದ ಪಾರ್ವತಿ ಗುಡಿಯಲ್ಲಿ ಕೂತೆವು. ಅದು ಬಾದಾಮಿ ಚಾಲುಕ್ಯರ ಕಾಲದ ಗುಡಿ, ಅಲ್ಲಿರುವುದರಲ್ಲಿ ಬಹಳ ಹಳೆಯದು. ತಾಯಿಯ ಗುಡಿಯೇ ಹಳತು ಎಂದು ಅತ್ತಿಗೆಗೆ ಹೇಳಿದೆ. ಅವರು ನಕ್ಕರು.

ನಗುವಿನ ಹಿಂದೆ ಒಂದು ಇತಿಹಾಸವಿದೆ. 1930ರ ದಶಕದ ಆರಂಭದಲ್ಲಿಯೇ, ತಿರುವಾಂಕೂರಿನ 1936ರ ಪ್ರಸಿದ್ಧ ಘೋಷಣೆಗೂ ಮೊದಲು, ಸಂಡೂರು ಸಂಸ್ಥಾನ ಈ ಗುಡಿಯ ಬಾಗಿಲನ್ನು ಹರಿಜನರಿಗೆ ತೆರೆಯಿತು. 1934ರಲ್ಲಿ ಇಲ್ಲಿಗೆ ಬಂದ ಗಾಂಧೀಜಿಗೆ ಈ ಪುಟ್ಟ ಸಂಸ್ಥಾನದ ಮೇಲೆ ಪ್ರೀತಿ ಹುಟ್ಟಲು ಅದೂ ಒಂದು ಕಾರಣ. ಒಂದು ಬಾಗಿಲು ತೆರೆದ ಕಾಲದಲ್ಲೇ ಇನ್ನೊಂದು ಹಾಗೆಯೇ ಉಳಿದದ್ದು ಹೇಗೆ ಎಂಬುದನ್ನು ಯಾರಾದರೂ ಹುಡುಕಿ ಬರೆಯಬೇಕು. ನನಗೆ ಸಮಯವಿದ್ದರೆ ನಾನೇ ಬರೆದೇನು.

ಇಳಿಯುವಾಗ ಬೆಟ್ಟದ ಬಗಲಲ್ಲಿ ಕೆಂಪು ಗಾಯಗಳು ಕಂಡವು. ಸಂಡೂರಿನಲ್ಲಿ ಗಣಿಗಾರಿಕೆ ಹೊಸದಲ್ಲ. ಮ್ಯಾಂಗನೀಸ್ ಸ್ವಾತಂತ್ರ್ಯಪೂರ್ವದಿಂದಲೂ ಇದೆ, ದೋಣಿಮಲೆಯಲ್ಲಿ ಎನ್‌ಎಂಡಿಸಿ 1977ರಿಂದ ಅದಿರು ತೆಗೆಯುತ್ತಿದೆ. ಆದರೆ 2000ದ ನಂತರ ಚೀನಾದಲ್ಲಿ ಉಕ್ಕಿಗೆ ಬೇಡಿಕೆ ಏರಿ ಅದಿರಿನ ಬೆಲೆ ಗಗನಕ್ಕೆ ಹೋದಾಗ ಆದದ್ದು ಬೇರೆ. ಕೆಂಪು ದೂಳು ಕೂರದ ಎಲೆ ಇರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಸಂಡೂರಿನ ಗೆಳತಿಯ ಬಿಳಿ ಯೂನಿಫಾರಂ ಯಾವಾಗಲೂ ತಿಳಿಗೆಂಪಾಗಿರುತ್ತಿತ್ತು. ಗಡಿಕಲ್ಲುಗಳು ಸರಿದವು, ಕಾಡು ಸರಿಯಿತು, ಈ ಗುಡಿಯ ಸುತ್ತಲೇ ಸಿಡಿಮದ್ದು ಸಿಡಿಯಿತು. ಸಮಾಜ ಪರಿವರ್ತನ ಸಮುದಾಯದಂಥ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಕೊಟ್ಟರು. ಎರಡು ದಿನದ ನಂತರ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸುವಂತೆ ಆದೇಶಿಸಿತು.

ಆ ದಿನಾಂಕವನ್ನು ನನ್ನ ಟಿಪ್ಪಣಿಯಲ್ಲಿ ಬರೆದುಕೊಳ್ಳುವಾಗ ಕೈ ನಿಂತಿತ್ತು: ಜುಲೈ 29, 2011. ಹಂಪಿಯ ಬಜಾರಿಗೆ ಜೆಸಿಬಿ ಬಂದ ದಿನವೂ ಅದೇ. ಒಂದೇ ಜಿಲ್ಲೆಯಲ್ಲಿ, ಒಂದೇ ಶುಕ್ರವಾರ, ಬೆಟ್ಟ ಕೆಡವುವ ಯಂತ್ರಗಳಿಗೆ ನಿಲ್ಲಿ ಎಂದು ಆದೇಶ. ಅಲ್ಲಿಂದ ನಲವತ್ತು ಕಿಲೋಮೀಟರು ದೂರದಲ್ಲಿ ಮನೆ ಕೆಡವಲು ಯಂತ್ರಗಳು. ಎರಡಕ್ಕೂ ಕಾನೂನಿನ ಸಂಬಂಧವಿಲ್ಲ. ಎರಡೂ ಉಳಿಸುವ ಹೆಸರಿನಲ್ಲಿ ಆದವು. ಬೆಟ್ಟದ ಸುದ್ದಿ ದೇಶದ ಎಲ್ಲ ಪತ್ರಿಕೆಗಳ ಮೊದಲ ಪುಟಕ್ಕೆ ಹೋಯಿತು. ಬಜಾರಿನ ಸುದ್ದಿ ಅಷ್ಟು ದೂರ ಹೋಗಲಿಲ್ಲ. ಇದರಿಂದ ನಾನೇನೂ ದೊಡ್ಡ ಸಿದ್ಧಾಂತ ಕಟ್ಟಲಾರೆ. ಆದರೆ ಈ ಎರಡು ಊರುಗಳನ್ನು ಒಂದೇ ಪ್ರವಾಸದಲ್ಲಿ ನೋಡಿ ಎಂದು ಹೇಳಲು ನನಗೆ ಈಗ ಇದೊಂದು ಕಾರಣ.

ಸಂಡೂರಿನಲ್ಲಿ ಗಣಿ ಮಾತ್ರ ನೋಡಿ ಬರಬೇಡಿ. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಹೆಂಗಸರ ಕಸೂತಿ ಇದೆ. ಕನ್ನಡಿ, ಕವಡೆ, ಬಣ್ಣದ ದಾರ. ಈ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ ಇಲ್ಲಿಯ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ದೊಡ್ಡವ್ವ ಒಂದು ಚೀಲ ಕೊಂಡಳು. ಅಂಚನ್ನು ತಿರುಗಿಸಿ ಹಿಂಬದಿಯ ಹೊಲಿಗೆಯನ್ನು ಬಹಳ ಹೊತ್ತು ನೋಡಿ, ‘ಕೈ ಚಲೋ ಐತಿ’ ಅಂದಳು.

*

ಸಂಡೂರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಹೊಗೆ ದಾಟಿ ಉತ್ತರಕ್ಕೆ ಬಂದರೆ ದರೋಜಿ. ಜನ ಇಲ್ಲಿಗೆ ಬರುವುದು 1994ರಲ್ಲಿ ಆದ ಕರಡಿ ಧಾಮಕ್ಕೆ. ನನ್ನ ಪಟ್ಟಿಯಲ್ಲಿ ದರೋಜಿ ಇರುವುದು ಈರಮ್ಮನ ಕಾರಣಕ್ಕೆ. ಬುರ್ರಕಥೆಯ ಈರಮ್ಮ 2014ರಲ್ಲಿ ತೀರಿಕೊಂಡರು. ಅಕ್ಷರ ಕಲಿಯದ ಆ ತಾಯಿ ಬುಡಗ ಜಂಗಮರ ಪರಂಪರೆಯಲ್ಲಿ ರಾತ್ರಿಯಿಡೀ ಮುಗಿಯದ ಕಾವ್ಯಗಳನ್ನು ನೆನಪಿನಿಂದ ಹಾಡುತ್ತಿದ್ದರು. ಅದರಲ್ಲಿ ಒಂದು ಕುಮಾರರಾಮನದು.

ಕುಮಾರರಾಮನ ಊರು ಮುಂದಿನದು, ಕಂಪ್ಲಿ. ‘ಇಲ್ಲಿ ನೋಡೋಕೆ ಏನಿದೆ?’ ಎಂದು ಅತ್ತಿಗೆ ಕೇಳಿದ್ದು ಸರಿಯಾಗಿಯೇ ಇತ್ತು. ಟಿಕೆಟ್ ಕೊಡುವ ಕಿಟಕಿ ಇಲ್ಲ, ಗೈಡ್ ಇಲ್ಲ. ಬತ್ತದ ಗದ್ದೆ, ಕಬ್ಬು, ಅಕ್ಕಿ ಗಿರಣಿ, ಹೊಳೆಯ ದಂಡೆಗೆ ಕೋಟೆಯ ಉಳಿಕೆ, ಗಂಗಾವತಿಯ ಕಡೆಗೆ ಹೋಗುವ ಸೇತುವೆ. ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟ ವರ್ಷ ಆ ಸೇತುವೆಯೂ ಮುಳುಗಿ ಸಂಚಾರ ನಿಲ್ಲುತ್ತದೆ.

ಆದರೆ ಹಂಪಿಗಿಂತ ಮೊದಲು ಇದು ಊರು. 11ನೆಯ ಶತಮಾನದಲ್ಲಿ ಇಲ್ಲಿ ಕಲ್ಯಾಣ ಚಾಲುಕ್ಯರ ಅರಮನೆ ಇತ್ತು. ಅದನ್ನು ಕೆಡವಿದೆವೆಂದು ಚೋಳ ರಾಜಾಧಿರಾಜನ ಶಾಸನಗಳು ಹೆಮ್ಮೆಯಿಂದ ಹೇಳುತ್ತವೆ. 14ನೆಯ ಶತಮಾನದ ಆರಂಭದಲ್ಲಿ ಕಂಪಿಲದೇವನ ಪುಟ್ಟ ರಾಜ್ಯ. ದೆಹಲಿಯ ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಅವನ ಸೋದರಸಂಬಂಧಿ ಬಹಾವುದ್ದೀನ್ ಗುರ್ಷಾಸ್ಪ್ ಓಡಿಬಂದು ಈ ರಾಜನಲ್ಲಿ ಆಶ್ರಯ ಕೇಳಿದ. ಕಂಪಿಲ ಕೊಟ್ಟ. ದೆಹಲಿಯ ಸೈನ್ಯ ಬಂತು. ಸೋಲು ಖಚಿತವಾದಾಗ ಅವನು ಅತಿಥಿಯನ್ನು ಹೊಯ್ಸಳ ಬಲ್ಲಾಳನ ಬಳಿಗೆ ಕಳಿಸಿ, ಮನೆಯ ಹೆಂಗಸರು ಬೆಂಕಿಗೆ ಹಾರಿದ ಮೇಲೆ, ತಾನು ಕಾದಿ ಸತ್ತ. ಇದು 1327ರ ಸುಮಾರು. ಬಲ್ಲಾಳ ಅತಿಥಿಯನ್ನು ಒಪ್ಪಿಸಿಬಿಟ್ಟ.

ಇಷ್ಟನ್ನು ನಮಗೆ ಹೇಳುವವನು ಇಬ್ನ್ ಬತೂತ, ಮೊರಾಕ್ಕೊದ ಪ್ರವಾಸಿ. ಸೆರೆಯಾದ ಕಂಪಿಲನ ಮಕ್ಕಳು ಮತಾಂತರಗೊಂಡು ಸುಲ್ತಾನನ ಆಸ್ಥಾನದಲ್ಲಿದ್ದರು, ಅವರಲ್ಲಿ ಮೂವರ ಪರಿಚಯ ತನಗಾಯಿತು ಎಂದೂ ಅವನು ಬರೆಯುತ್ತಾನೆ. ನಮ್ಮ ಕಡೆಯ ಕತೆ ಬೇರೆ. 16ನೆಯ ಶತಮಾನದ ನಂಜುಂಡ ಕವಿಯ ಸಾಂಗತ್ಯದಲ್ಲಿ, ಈರಮ್ಮನಂಥವರ ಬಾಯಲ್ಲಿ, ಕಂಪಿಲನ ಮಗ ರಾಮ ಪರನಾರಿ ಸಹೋದರ. ಚೆಂಡಾಡುವಾಗ ಚೆಂಡು ಮಲತಾಯಿ ರತ್ನಾಜಿಯ ಅಂಗಳಕ್ಕೆ ಬೀಳುತ್ತದೆ. ಅವಳ ಬಯಕೆಯನ್ನು ಅವನು ಒಪ್ಪುವುದಿಲ್ಲ, ಅವಳು ಚಾಡಿ ಹೇಳುತ್ತಾಳೆ, ತಂದೆ ತಲೆ ಕಡಿಯಲು ಹೇಳುತ್ತಾನೆ, ಮಂತ್ರಿ ಬೈಚಪ್ಪ ಬೇರೆ ತಲೆ ತೋರಿಸಿ ಅವನನ್ನು ಬಚ್ಚಿಡುತ್ತಾನೆ. ದೆಹಲಿಯ ದಂಡು ಬಂದಾಗ ನೆಲಮನೆಯಿಂದ ಹೊರಬಂದು ಕಾದುತ್ತಾನೆ. ಅವನ ನೆನಪು ಇಲ್ಲಿಂದ ಬಹುದೂರದ ಮಲೆನಾಡಿನ ಊರುಗಳಿಗೂ ಹೋಗಿ ಪೂಜೆಯಾಗಿ ನಿಂತಿದೆ.

ಒಂದು ಕತೆಯಲ್ಲಿ ರಾಜಕುಮಾರರು ಬೇರೆ ಹೆಸರಿನಲ್ಲಿ ದೆಹಲಿಯಲ್ಲಿ ಬದುಕಿದರು. ಇನ್ನೊಂದರಲ್ಲಿ ರಾಜಕುಮಾರ ಊರಿಗಾಗಿ ಸತ್ತು ದೇವರಾದ. ಎರಡನ್ನೂ ಸರಿಹೊಂದಿಸುವುದು ಹೇಗೆ ಎಂದು ನಾನು ಎಂ.ಎ.ಯಲ್ಲಿ ಪೇಪರು ಬರೆದಿದ್ದೆ. ಈಗ ಅದು ಅಷ್ಟು ಅವಸರದ ಪ್ರಶ್ನೆ ಅನ್ನಿಸುವುದಿಲ್ಲ. ಊರು ಕಳೆದುಕೊಂಡವರು ಎರಡೂ ಮಾಡುತ್ತಾರೆ. ಹೊಸ ಜಾಗದಲ್ಲಿ ಹೊಸ ಹೆಸರಿನಲ್ಲಿ ಬದುಕುತ್ತಾರೆ, ಹಳೆಯದನ್ನು ಹಾಡುತ್ತಾರೆ. ಒಂದು ಪರಂಪರೆಯ ಪ್ರಕಾರ ವಿಜಯನಗರ ಕಟ್ಟಿದ ಹರಿಹರ ಬುಕ್ಕರೂ ಕಂಪ್ಲಿಯ ಆಸ್ಥಾನದಿಂದ ಸೆರೆಯಾಗಿ ಹೋಗಿ ಬಂದವರೇ. ಅದನ್ನು ಒಪ್ಪದವರೂ ಇದ್ದಾರೆ. ಆದರೆ ಹಂಪಿಯ ಎದ್ದು ನಿಂತ ಕಲ್ಲುಗಳನ್ನು ನೋಡುವ ಮುನ್ನ, ಬಿದ್ದ ಕಂಪ್ಲಿಯ ದಂಡೆಯಲ್ಲಿ ಅರ್ಧ ಗಂಟೆ ನಿಲ್ಲುವುದು ಒಳ್ಳೆಯದು.

*

ಸಂಜೆ ಐದೂವರೆಗೆ ನಾವು ಹೊಸಪೇಟೆ ದಾಟಿ ಮರಿಯಮ್ಮನಹಳ್ಳಿಯ ಕಡೆಯ ಹಿನ್ನೀರಿಗೆ ಬಂದೆವು. ಮುಳುಗಿದ ನಾರಾಯಣದೇವರಕೆರೆಯ ಜನ ಬಂದು ನೆಲೆಸಿದ ಊರು ಮರಿಯಮ್ಮನಹಳ್ಳಿ.

ತುಂಗಭದ್ರಾ ಅಣೆಕಟ್ಟಿನ ಕೆಲಸ ಶುರುವಾದದ್ದು 1945ರ ಫೆಬ್ರವರಿಯಲ್ಲಿ. ಈ ದಂಡೆ ಮದ್ರಾಸಿನದು, ಆ ದಂಡೆ ಹೈದರಾಬಾದಿನ ನಿಜಾಮನದು. ಎರಡೂ ಕಡೆಯಿಂದ ಅಡಿಗಲ್ಲು. ಮುಗಿಯುವ ಹೊತ್ತಿಗೆ ದೇಶವೇ ಬೇರೆಯಾಗಿತ್ತು. 1953ರಲ್ಲಿ ಕಾಲುವೆಗೆ ನೀರು ಬಂತು. ಕಲ್ಲು ಗಾರೆಯ ಕಟ್ಟೆ, 33 ಗೇಟುಗಳು. ಬರ ತಿಂದಿದ್ದ ರಾಯಚೂರು, ಬಳ್ಳಾರಿ, ಆಂಧ್ರದ ಎಷ್ಟೋ ಲಕ್ಷ ಎಕರೆ ಹಸಿರಾಯಿತು. ನಮ್ಮ ಮನೆಯ ಅನ್ನವೂ ಅದರದ್ದೇ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ ಇಡೀ ಜಿಲ್ಲೆ ನಿದ್ದೆ ಮಾಡಲಿಲ್ಲ. ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ನಿಲ್ಲಿಸಿದಾಗ ರೈತರು ಪಟಾಕಿ ಹೊಡೆದರು. ಆ ವಾರ ನಾನು ಪಾಯೆಸ್‌ನ ಕೆರೆಯ ಪುಟಗಳನ್ನು ಮತ್ತೆ ಓದಿದೆ. ಕಟ್ಟೆ ನಿಲ್ಲುತ್ತದೋ ಇಲ್ಲವೋ ಎಂಬ ಭಯ ಐನೂರು ವರ್ಷಗಳಲ್ಲಿ ಹೆಚ್ಚೇನೂ ಬದಲಾಗಿರಲಿಲ್ಲ.

ಕಟ್ಟಿದಾಗ ಜಲಾಶಯ ಹಿಡಿಯುತ್ತಿದ್ದದ್ದು ಸುಮಾರು 133 ಟಿಎಂಸಿ ನೀರು. ಈಗ ಸುಮಾರು 105. ಉಳಿದದ್ದರ ಜಾಗದಲ್ಲಿ ಹೂಳು ತುಂಬಿದೆ.

ದೊಡ್ಡವ್ವ ಕಾರಿನಿಂದಿಳಿದು, ಚಪ್ಪಲಿ ಬಿಟ್ಟು, ನೀರಿನ ಅಂಚಿಗೆ ಹೋದಳು. ಅಳುತ್ತಾಳೇನೋ ಎಂದು ನಾನು ಹಿಂದೆಯೇ ಹೋದೆ. ಅವಳು ಅಳಲಿಲ್ಲ. ಕೈ ಚಾಚಿ ನೀರಿನ ಮೇಲೆ ಊರನ್ನು ಗುರುತು ಹಾಕತೊಡಗಿದಳು. ‘ಅಕಾ ಅಲ್ಲಿ ಅಗಸಿ. ಅಗಸಿ ದಾಟಿದ್ರ ಹಣಮಪ್ಪನ ಗುಡಿ. ಗುಡಿ ಎಡಕ್ಕ ನಮ್ಮ ಓಣಿ. ಬಾವಿ ಇಲ್ಲಿ. ಸಿಹಿನೀರು.’ ಊರು ಬಿಡುವಾಗ ಅವಳಿಗೆ ಎಂಟು ವರ್ಷ. ಬಂಡಿಯಲ್ಲಿ ಕೂಡಿಸಿದಾಗ ಬೀಸುವ ಕಲ್ಲನ್ನು ಅವಳ ಕಾಲ ಬಳಿ ಇಟ್ಟಿದ್ದರಂತೆ. ಆ ಕಲ್ಲು ಈಗಲೂ ನಮ್ಮ ಹಿತ್ತಲಿನಲ್ಲಿದೆ. ಅದು ಅಲ್ಲಿಂದ ಬಂದದ್ದೆಂದು ನನಗೆ ಗೊತ್ತಿರಲಿಲ್ಲ.

ಅಣ್ಣನ ಮಗಳು ಅವಳು ತೋರಿಸಿದ ಕಡೆಗೆಲ್ಲ ನೋಡಿ ಕೇಳಿದಳು: ‘ಅಜ್ಜಿ, ಬೇಸಗೇಲಿ ನೀರು ಕಮ್ಮಿ ಆದ್ರೆ ಕಾಣುತ್ತಾ?’

‘ಹೂಳು ಬಿದ್ದೈತವ್ವ ಮ್ಯಾಲೆ. ಏನ್ ಕಾಣತೈತಿ.’ ಆಮೇಲೆ, ಸ್ವಲ್ಪ ಹೊತ್ತು ಬಿಟ್ಟು, ‘ಆದ್ರ ಆ ನೀರಿಗೇ ನಿಮ್ಮ ಗದ್ದಿ ಬೆಳೀತಾವ. ನಮ್ಮೂರು ಹೋಗಿಲ್ಲ ಅನ್ನು’ ಅಂದಳು.

ಅವಳು ಅದನ್ನು ನಮ್ಮ ಸಮಾಧಾನಕ್ಕೆ ಹೇಳಿದಳೋ ತನ್ನ ಸಮಾಧಾನಕ್ಕೆ ಹೇಳಿದಳೋ ತಿಳಿಯಲಿಲ್ಲ. ರಾಯಕೆರೆಯ ಕೆಳಗೆ ಒಂಬತ್ತು ವರ್ಷ ಕಂದಾಯವಿಲ್ಲದೆ ಉತ್ತವರ ಹೆಸರು ನನಗೆ ಸಿಕ್ಕಿಲ್ಲ, ಏರಿಗೆ ಬಲಿಯಾದರೆನ್ನುವ ಅರವತ್ತು ಜನರ ಹೆಸರೂ ಸಿಕ್ಕಿಲ್ಲ. ಸಿಗುವುದೂ ಇಲ್ಲ. ಆದರೆ ಈ ನೀರಿನ ಕೆಳಗಿನ ಅಗಸಿ, ಓಣಿ, ಬಾವಿಗಳನ್ನು ಬೆರಳು ಮಾಡಿ ತೋರಿಸುವವರು ಇನ್ನೂ ಕೆಲವರಿದ್ದಾರೆ. ಹತ್ತು ವರ್ಷ ಕಳೆದರೆ ಇರುವುದಿಲ್ಲ. ನನ್ನ ಪ್ರಬಂಧದಲ್ಲಿ ಆವರೆಗೂ ಒಬ್ಬರ ಮಾತನ್ನೂ ಬರೆದುಕೊಂಡಿರಲಿಲ್ಲ. ಮರುದಿನ ರೆಕಾರ್ಡರ್ ಹಿಡಿದು ದೊಡ್ಡವ್ವನ ಎದುರು ಕೂತೆ. ಈಗ ಮರಿಯಮ್ಮನಹಳ್ಳಿಗೆ ವಾರಕ್ಕೊಮ್ಮೆ ಹೋಗುತ್ತೇನೆ.

ಫೋನುಗಳು ಮತ್ತೆ ಬರುತ್ತಿವೆ. ಪಟ್ಟಿ ಕಳಿಸುತ್ತೇನೆ. ಕಲ್ಲಿನ ರಥವೂ ಇದೆ, ಕಾರಂಜಿಯೂ ಇದೆ, ತೆಗೆದಿಲ್ಲ. ರಾಯಕೆರೆಯ ಏರಿ, ಅನಂತಶಯನಗುಡಿ, ತುರ್ತು ಕಾಲುವೆ, ಪಾರ್ವತಿ ಗುಡಿ, ಕಂಪ್ಲಿಯ ದಂಡೆ ಸೇರಿವೆ. ಕೊನೆಯ ಸಾಲು ಹೀಗಿದೆ: ‘ಹಿನ್ನೀರು, ಸಂಜೆ. ನೋಡಲು ಏನೂ ಇಲ್ಲ. ಸಾಧ್ಯವಾದರೆ ಆ ಕಡೆಯ ಎಂಬತ್ತು ದಾಟಿದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.’